ಕಾಲೇಜಿನ ಮೀನುಸಂಗ್ರಹ ಮತ್ತು ಅದರ ದಾಖಲೆ

ಪ್ರಾಣಿಶಾಸ್ತ್ರವನ್ನು ದಶಕಗಳಿಂದ ಬೋಧಿಸುತ್ತ ಬಂದಿರುವ ಕರ್ನಾಟಕದ ಕಾಲೇಜುಗಳಲ್ಲಿ, ಮೀನುಗಳನ್ನು ಗಾಜಿನ ಜಾಡಿಗಳಲ್ಲಿ ಮುಳುಗಿಸಿಟ್ಟ ಒಂದೆರಡು ಕಪಾಟುಗಳಾದರೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕು, ಮೈಯಿಂದ ವಿದ್ಯುತ್ತನ್ನು ಹೊಮ್ಮಿಸುವ ಟಾರ್ಪಿಡೊ, ತಲೆಯ ಮೇಲಿನ ಹೀರುಬಟ್ಟಲಿನಿಂದ ದೊಡ್ಡ ಮೀನುಗಳಿಗೆ ಅಂಟಿಕೊಂಡು ಸಾಗುವ ಎಕನೀಸ್, ಕಡಲಕುದುರೆ, ಹಾರುವ ಮೀನು ಮೊದಲಾದವು ಪ್ರಾಯೋಗಿಕ ಪರೀಕ್ಷೆಯ ದಿನ ‘ಸ್ಪಾಟರ್’ಗಳಾಗಿ ಮೇಜಿನ ಮೇಲೆ ಬಂದು, ಪರೀಕ್ಷೆ ಮುಗಿದೊಡನೆ ಮತ್ತೆ ಕಪಾಟು ಸೇರುತ್ತವೆ. ಅವುಗಳ ಹಿಂದಿನ ಸಾಲಿನಲ್ಲಿ, ಪಠ್ಯಕ್ರಮಕ್ಕೆ ಸಂಬಂಧವಿಲ್ಲದ, ಹಿಂದೊಂದು ಕಾಲದ ಅಧ್ಯಾಪಕರು ಊರ ಹತ್ತಿರದ ಹೊಳೆಯಿಂದಲೋ ಕೆರೆಯಿಂದಲೋ ಬಂದರಿನಿಂದಲೋ ತಂದು ಕಾಪಿಟ್ಟ ಮೀನುಗಳೂ ಅನೇಕ ಕಡೆ ಉಳಿದಿರುತ್ತವೆ. ವಿಜ್ಞಾನದ ದೃಷ್ಟಿಯಿಂದ ಮುಂದಿನ ಸಾಲಿಗಿಂತ ಈ ಹಿಂದಿನ ಸಾಲಿಗೇ ಬೆಲೆ ಹೆಚ್ಚು. ಆದರೆ ಸ್ಥಳದ ಅಭಾವ ತಲೆದೋರಿದಾಗ, ಕಟ್ಟಡ ಬದಲಾದಾಗ ಅಥವಾ ವಿಭಾಗದ ಹಿರಿಯರು ನಿವೃತ್ತರಾದಾಗ ಮೊದಲು ಹೊರಬೀಳುವುದೂ ಅದೇ ಸಾಲು. ಅದನ್ನು ಉಳಿಸಿಕೊಳ್ಳುವ, ಕ್ರಮಕ್ಕೆ ತರುವ ಮತ್ತು ದಾಖಲಿಸುವ ಬಗೆಯೇನೆಂಬುದು ಈ ಭಾಷಣದ ವಿಷಯ.

ಸಂಗ್ರಹಿಸಿಟ್ಟ ಒಂದೊಂದು ಪ್ರಾಣಿಗೂ ಶಾಸ್ತ್ರದಲ್ಲಿ ಮಾದರಿ ಎಂದು ಹೆಸರು. ಮಾದರಿಯೊಂದು ವಿಜ್ಞಾನಕ್ಕೆ ಉಪಯುಕ್ತವಾಗಬೇಕಾದರೆ ಅದರೊಂದಿಗೆ ಮೂರು ಸಂಗತಿಗಳು ಇರಬೇಕು: ಅದು ಯಾವ ಸ್ಥಳದ್ದು, ಯಾವ ದಿನದ್ದು, ಹಿಡಿದವರು ಯಾರು. ಮೀನಿನ ಹೆಸರು ಈ ಮೂರರಲ್ಲಿ ಸೇರಿಲ್ಲವೆಂಬುದು ಹೊಸಬರಿಗೆ ಸೋಜಿಗವೆನಿಸಬಹುದು. ಹೆಸರೆಂಬುದು ತಿಳಿದವರೊಬ್ಬರು ಒಂದು ಕಾಲದಲ್ಲಿ ಕೊಟ್ಟ ಅಭಿಪ್ರಾಯ. ಮೀನು ಎದುರಿಗಿರುವ ತನಕ ಅದರ ಹುರುಪೆಗಳನ್ನು ಎಣಿಸಿ, ಈಜುರೆಕ್ಕೆಗಳ ಮುಳ್ಳುಗಳನ್ನು ನೋಡಿ, ಆ ಅಭಿಪ್ರಾಯವನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ತಿದ್ದಬಹುದು. ಸ್ಥಳ ಮತ್ತು ದಿನಾಂಕಗಳಾದರೋ ಮೀನಿನ ಮೈಮೇಲೆ ಬರೆದಿರುವುದಿಲ್ಲ. ಅವನ್ನು ಒಮ್ಮೆ ಕಳೆದುಕೊಂಡರೆ ಎಂಥ ಪಂಡಿತನೂ ಜಾಡಿಯೊಳಗಿನಿಂದ ಅವನ್ನು ಹೊರತೆಗೆಯಲಾರ. ಆದ್ದರಿಂದ ಮೀನುಸಂಗ್ರಹದ ಕೆಲಸದಲ್ಲಿ ಕಾಪಾಡಬೇಕಾದ ಮೊದಲ ವಸ್ತು ಮೀನಲ್ಲ, ಮೀನಿನೊಂದಿಗಿರುವ ಚೀಟಿ. ಸಂಗ್ರಹವನ್ನು ಅಣಿಗೊಳಿಸುವ ನಿಯಮಗಳು ಬಹುಮಟ್ಟಿಗೆ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮಾದರಿಗಳು ಉಳಿದುದರಿಂದ ಮತ್ತು ಉಳಿಯದೆ ಹೋದುದರಿಂದ ಆದ ಪರಿಣಾಮಗಳನ್ನು ಭಾರತೀಯ ಮತ್ಸ್ಯಶಾಸ್ತ್ರದ ಚರಿತ್ರೆಯೇ ಚೆನ್ನಾಗಿ ತೋರಿಸಿಕೊಡುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಖ್ ಎಂಬಾತ, ತರಂಗಂಬಾಡಿಯಲ್ಲಿದ್ದ ಪಾದ್ರಿಯೊಬ್ಬರ ಮೂಲಕವೂ ಭಾರತದ ಮೀನುಗಳನ್ನು ತರಿಸಿಕೊಂಡು ವರ್ಣಿಸಿದ. ಆತನ ಸಂಗ್ರಹ ಇಂದಿಗೂ ಬರ್ಲಿನ್ನಿನ ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯದಲ್ಲಿ ಇರುವುದರಿಂದ, ಬ್ಲಾಖ್ ಹೆಸರಿಸಿದ ಮೀನು ಯಾವುದೆಂಬ ಸಂದೇಹ ಬಂದರೆ ಹೋಗಿ ನೋಡಲು ಸಾಧ್ಯ. ಟಿಪ್ಪು ಸುಲ್ತಾನನ ಪತನದ ಮರುವರ್ಷ ಮೈಸೂರು, ಕನ್ನಡ ಜಿಲ್ಲೆಗಳು ಮತ್ತು ಮಲಬಾರುಗಳಲ್ಲಿ ಸಂಚರಿಸಿ ವರದಿ ಬರೆದ, ಆ ಕಾರಣಕ್ಕಾಗಿ ಕನ್ನಡಿಗರಿಗೆ ಪರಿಚಿತನಾದ ಫ್ರಾನ್ಸಿಸ್ ಬುಕಾನನ್ ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ಮಹತ್ತ್ವದ ಗ್ರಂಥವೊಂದನ್ನು ಪ್ರಕಟಿಸಿದ. ಆತ ಅಂದವಾದ ಚಿತ್ರಗಳನ್ನು ಬರೆಯಿಸಿದ್ದರೂ ಮೀನುಗಳನ್ನು ಕಾಪಿಟ್ಟು ಹೋಗಲಿಲ್ಲವಾದ್ದರಿಂದ, ಆತ ಕೊಟ್ಟ ಹಲವು ಹೆಸರುಗಳು ಯಾವ ಮೀನಿಗೆ ಸಲ್ಲುತ್ತವೆಂಬ ಚರ್ಚೆ ಅಲ್ಲಿಂದೀಚೆಗೆ ನಡೆಯುತ್ತಲೇ ಬಂದಿದೆ. 1875ರಿಂದ 1878ರವರೆಗೆ ಭಾರತದ ಮೀನುಗಳ ಮಹಾಗ್ರಂಥವನ್ನು ಹೊರತಂದ, ಮದ್ರಾಸು ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಸಂಗ್ರಹಿಸಿದ ಮೀನುಗಳು ಕಲ್ಕತ್ತ, ಲಂಡನ್ ಮತ್ತು ದೂರದ ಸಿಡ್ನಿಯವರೆಗೆ ಹಂಚಿಹೋದುವು. ಹಂಚಿಹೋದರೂ ಉಳಿದುವಲ್ಲ ಎಂಬುದೇ ಸಮಾಧಾನ.

ಕರ್ನಾಟಕಕ್ಕೆ ಹೆಚ್ಚು ಹತ್ತಿರವಾದ, ಹೆಚ್ಚು ನೋವಿನ ನಿದರ್ಶನವೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಯನಕ್ಕೆ ಅಡಿಪಾಯ ಹಾಕಿದ, 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾಯರು 1920ರಲ್ಲಿ ಮೈಸೂರು ಸಂಸ್ಥಾನದ ಗೆಂಡೆ ಬಳಗದ ಮೀನುಗಳ ಮೇಲೆಯೂ, 1937ರಲ್ಲಿ ದಕ್ಷಿಣ ಭಾರತದ ಕಪ್ಪೆಗಳ ಮೇಲೆಯೂ ಪ್ರಬಂಧಗಳನ್ನು ಪ್ರಕಟಿಸಿ ಹೊಸ ಪ್ರಭೇದಗಳನ್ನು ವರ್ಣಿಸಿದರು. ಹೊಸ ಪ್ರಭೇದವೊಂದನ್ನು ವರ್ಣಿಸುವಾಗ ಯಾವ ಒಂದು ಪ್ರಾಣಿಯನ್ನು ಆಧಾರವಾಗಿ ಇರಿಸಿಕೊಳ್ಳಲಾಗುತ್ತದೆಯೋ ಅದಕ್ಕೆ ಮೂಲಮಾದರಿ ಎಂದು ಹೆಸರು. ಆ ಪ್ರಭೇದದ ಹೆಸರು ಎಂದೆಂದಿಗೂ ಆ ಒಂದು ಪ್ರಾಣಿಗೇ ಕಟ್ಟುಬಿದ್ದಿರುತ್ತದೆ. ರಾಯರ 1937ರ ಕಪ್ಪೆಗಳ ಮೂಲಮಾದರಿಗಳು ಕಾಲೇಜಿನಲ್ಲಿಯೇ ಇದ್ದುವು. ಅವು ಕಳೆದುಹೋಗಿವೆಯೆಂದು ಇಂದಿನ ವರ್ಗೀಕರಣ ಗ್ರಂಥಗಳು ದಾಖಲಿಸುತ್ತವೆ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತಿರುವ ಕಪ್ಪೆಯೂ ಅವುಗಳಲ್ಲಿ ಒಂದು. ಒಬ್ಬ ವಿದ್ವಾಂಸನ ಜೀವಮಾನದ ದುಡಿಮೆಯ ಆಧಾರವೇ ಹೀಗೆ ಇಲ್ಲವಾದಾಗ, ಮುಂದಿನ ಪೀಳಿಗೆಯವರು ಆತನ ಬರಹದ ಸಾಲುಗಳನ್ನು ಹಿಡಿದು ಅದೇ ಬೆಟ್ಟ ತೊರೆಗಳಲ್ಲಿ ಮತ್ತೆ ಹುಡುಕಿ, ಆತ ಕಂಡದ್ದು ಇದನ್ನೇ ಇರಬೇಕೆಂದು ಊಹಿಸಬೇಕಾಗುತ್ತದೆ.

ಇದಕ್ಕಿಂತ ವಿಚಿತ್ರವಾದುದು ಕಾವೇರಿಯ ಮಹಶೀರ್ ಮೀನಿನ ಕಥೆ. ಕಾವೇರಿ ತೀರದವರು ಬಿಳಿಮೀನು ಎಂದು ಕರೆಯುವ, ಬೆನ್ನು ಗೂನಾಗಿ ಎದ್ದು ಕಾಣುವ ಈ ಭಾರೀ ಮೀನು 19ನೆಯ ಶತಮಾನದಿಂದಲೂ ಗಾಳದ ಬೇಟೆಗಾರರಿಗೆ ಪರಿಚಿತ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ, ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಪುಸ್ತಕದಲ್ಲಿ ಮಹಶೀರ್‌ಗೇ ಹಿರಿಯ ಸ್ಥಾನ. ಮೈಸೂರಿನ ಪ್ರಸಿದ್ಧ ಚರ್ಮಸಂಸ್ಕಾರಕರಾದ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತದೆ. ಒಂದೂವರೆ ಶತಮಾನದ ಕಾಲ ಫೋಟೊಗಳು ತೆಗೆಯಲ್ಪಟ್ಟುವು, ತೂಕಗಳು ಬರೆಯಲ್ಪಟ್ಟುವು, ಗೋಡೆಗಳಲ್ಲಿ ತಲೆಗಳು ತೂಗಿದುವು. ಆದರೆ ಈ ಮೀನನ್ನು ಸಂಬಂಧಪಟ್ಟ ಇತರ ಮಹಶೀರ್‌ಗಳೊಂದಿಗೆ ಹೋಲಿಸಿ ನೋಡಲು ತಕ್ಕಂತೆ, ಸ್ಥಳ ದಿನಾಂಕಗಳೊಡನೆ ಕಾಪಿಟ್ಟ ಮಾದರಿಗಳೇ ಇಲ್ಲದ್ದರಿಂದ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕಾವೇರಿಯ ಜಲಾನಯನಕ್ಕೇ ಸೇರಿದ, ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತ ಎಳೆಯ ಮೀನುಗಳನ್ನು ಆಧರಿಸಿ ‘ಟಾರ್ ರೆಮಾದೇವಿಯೈ’ ಎಂಬ ಪ್ರಭೇದವನ್ನು ವಿದ್ವಾಂಸರು ಮೊದಲೇ ವರ್ಣಿಸಿದ್ದರು. ಗೂನುಬೆನ್ನಿನ ಹಿರಿಯ ಮೀನೂ ಅದೇ ಎಂಬುದು ಸ್ಥಿರಪಟ್ಟದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಡಾಂತರದ ವರ್ಗಕ್ಕೆ ಸೇರಿತು. ಹೆಸರು ದೊರೆತದ್ದೂ ಅಳಿವಿನ ಎಚ್ಚರಿಕೆ ದೊರೆತದ್ದೂ ಒಂದೇ ವರ್ಷದಲ್ಲಿ ಎಂಬುದನ್ನು ಮರೆಯಬಾರದು. ಕಾವೇರಿ ದಡದ ಯಾವುದಾದರೂ ಕಾಲೇಜಿನ ಕಪಾಟಿನಲ್ಲಿ ಗೇಣುದ್ದದ ನಾಲ್ಕಾರು ಮರಿಗಳು ಸರಿಯಾದ ಚೀಟಿಯೊಡನೆ ಇದ್ದಿದ್ದರೆ ಈ ಪ್ರಶ್ನೆ ಎಷ್ಟೋ ಮೊದಲೇ ಇತ್ಯರ್ಥವಾಗಬಹುದಾಗಿತ್ತು.

ಹಳೆಯ ಸಂಗ್ರಹವೊಂದನ್ನು ಅಣಿಗೊಳಿಸಲು ತೊಡಗುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಯಾವುದನ್ನೂ ತೊಳೆಯದೆ, ಯಾವುದನ್ನೂ ಎಸೆಯದೆ, ಯಾವುದನ್ನೂ ಒಂದು ಜಾಡಿಯಿಂದ ಇನ್ನೊಂದಕ್ಕೆ ಹಾಕದೆ, ಇದ್ದದ್ದನ್ನು ಇದ್ದಲ್ಲಿಯೇ ಬರೆದುಕೊಳ್ಳುವುದು. ಉತ್ಸಾಹದಿಂದ ಶುಚಿಗೊಳಿಸಹೊರಟು ಜಾಡಿಯ ಹೊರಮೈಗೆ ಅಂಟಿಸಿದ್ದ ಹಳದಿಯಾದ ಕಾಗದವನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದರೆ, ಒಂದು ನಿಮಿಷದಲ್ಲಿ ಐವತ್ತು ವರ್ಷದ ಸಾಕ್ಷ್ಯ ನಾಶವಾಗುತ್ತದೆ. ಪ್ರತಿಯೊಂದು ಜಾಡಿಗೂ ತಾತ್ಕಾಲಿಕವಾಗಿ ಒಂದು ಸಂಖ್ಯೆಯನ್ನು ಕಟ್ಟಿ, ಅದರ ಹೊರಗಿನ ಚೀಟಿ, ಒಳಗಿನ ಚೀಟಿ, ಮೀನಿನ ಬಾಯಿಗೋ ಕಿವಿರಿಗೋ ದಾರದಿಂದ ಕಟ್ಟಿರಬಹುದಾದ ಬಿಲ್ಲೆ, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ ಇವೆಲ್ಲವನ್ನೂ ಅಕ್ಷರ ಬಿಡದೆ, ತಪ್ಪಿದ್ದರೆ ತಪ್ಪಿದ್ದಂತೆಯೇ ನಕಲು ಮಾಡಿಕೊಳ್ಳಬೇಕು; ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅನಂತರ ವಿಭಾಗದ ಹಳೆಯ ದಾಸ್ತಾನು ಪುಸ್ತಕ, ಖರೀದಿಯ ರಸೀತಿಗಳು, ಶೈಕ್ಷಣಿಕ ಪ್ರವಾಸದ ವರದಿಗಳು, ವಿದ್ಯಾರ್ಥಿಗಳ ಪ್ರಬಂಧಗಳು ಮುಂತಾದವನ್ನು ಎದುರಿಗಿರಿಸಿಕೊಂಡು ಈ ಅಂಕಿಗಳನ್ನು ಹೊಂದಿಸುತ್ತ ಹೋದರೆ, ಮೂಕವಾಗಿದ್ದ ಎಷ್ಟೋ ಜಾಡಿಗಳು ಮಾತನಾಡತೊಡಗುತ್ತವೆ. ಒಂದೇ ಕೈಬರಹ, ಒಂದೇ ಬಗೆಯ ಕಾಗದ, ಒಂದೇ ದಾರ ಇವು ಕೂಡ ಒಂದೇ ಪ್ರವಾಸದಲ್ಲಿ ತಂದ ಮೀನುಗಳ ಗುಂಪನ್ನು ಸೂಚಿಸಬಲ್ಲವು. ನಿವೃತ್ತರಾದ ಅಧ್ಯಾಪಕರು ಮತ್ತು ಪ್ರಯೋಗಶಾಲೆಯ ಅಟೆಂಡರ್‌ಗಳನ್ನು ವಿಚಾರಿಸುವುದು ಈ ಹಂತದಲ್ಲಿ ಬಹಳ ಫಲಕಾರಿ. ಹೀಗೆ ತಿಳಿದುಬಂದದ್ದನ್ನು ಮಾತ್ರ ‘ನೆನಪಿನಿಂದ ಹೇಳಿದ್ದು’ ಎಂದು ಬೇರೆಯಾಗಿಯೇ ಗುರುತಿಸಬೇಕು.

ಹೀಗೆ ಬರೆದುಕೊಂಡ ಮೇಲೆ ಸಂಗ್ರಹ ತಾನಾಗಿಯೇ ಬೇರ್ಪಡುತ್ತದೆ. ಸ್ಥಳ, ದಿನಾಂಕಗಳಿರುವ ಮಾದರಿಗಳು ಸಂಶೋಧನೆಯ ಸಂಗ್ರಹ. ಯಾವ ವಿವರವೂ ಇಲ್ಲದವು, ಮಾದರಿಗಳನ್ನು ಮಾರುವ ಅಂಗಡಿಗಳಿಂದ ಕೊಂಡು ತಂದವು ಬೋಧನೆಯ ಸಂಗ್ರಹ. ಎರಡನೆಯದು ಕೀಳೆಂದೇನೂ ಅಲ್ಲ. ಲಖನೌದ ಇಸಬೆಲ್ಲಾ ಥೋಬರ್ನ್ ಕಾಲೇಜಿನ ಇ. ಎಂ. ತಿಲ್ಲಯಾಂಪಲಂ 1928ರಲ್ಲಿ ಬರೆದ ಸ್ಕೋಲಿಯೋಡಾನಿನ ವಿವರಣಾಗ್ರಂಥದಿಂದ ಮೊದಲ್ಗೊಂಡು ಭಾರತದ ತಲೆಮಾರುಗಳ ವಿದ್ಯಾರ್ಥಿಗಳು ಈ ಸಣ್ಣ ಶಾರ್ಕನ್ನು ಕೊಯ್ದೇ ಕಶೇರುಕಗಳ ಅಂಗರಚನೆಯನ್ನು ಕಲಿತವರು. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರ ಮತ್ತು 2014ರ ಸೂಚನೆಗಳ ಮೂಲಕ ಪ್ರಾಣಿಗಳನ್ನು ಕೊಯ್ದು ನೋಡುವ ಪದ್ಧತಿಯನ್ನು ನಿಲ್ಲಿಸಿದ ಮೇಲೆ, ಹಿಂದೆಯೇ ಕೊಯ್ದು ಕಾಪಿಟ್ಟ ಇಂಥ ಮಾದರಿಗಳ ಬೆಲೆ ಇನ್ನೂ ಹೆಚ್ಚಾಗಿದೆ. ಪರೀಕ್ಷೆಗೆ, ಪ್ರದರ್ಶನಕ್ಕೆ, ಮುಟ್ಟಿ ನೋಡುವುದಕ್ಕೆ ಈ ಸಂಗ್ರಹವನ್ನೇ ಬಳಸಿ, ಮೊದಲನೆಯದನ್ನು ಪರೀಕ್ಷೆಯ ಮೇಜಿನಿಂದ ದೂರವಿರಿಸಬೇಕು. ಇವೆರಡನ್ನೂ ಬೆರೆಸಿದಲ್ಲಿ ಹಾಳಾಗುವುದು ಯಾವಾಗಲೂ ಮೊದಲನೆಯದೇ.

ಇನ್ನು ಮೀನನ್ನು ಕಾಪಿಡುವ ದ್ರವದ ವಿಚಾರ. ಸತ್ತ ಮೀನಿನ ಅಂಗಾಂಶಗಳು ತಮ್ಮೊಳಗಿನ ಕಿಣ್ವಗಳಿಂದಲೂ ಬ್ಯಾಕ್ಟೀರಿಯಗಳಿಂದಲೂ ಕೆಲವೇ ಗಂಟೆಗಳಲ್ಲಿ ಕೆಡಲಾರಂಭಿಸುತ್ತವೆ. ಇದನ್ನು ತಡೆದು ಅಂಗಾಂಶವನ್ನು ಇದ್ದಂತೆಯೇ ಗಟ್ಟಿಗೊಳಿಸುವುದಕ್ಕೆ ಸ್ಥಿರೀಕರಣವೆಂದೂ, ಗಟ್ಟಿಯಾದುದನ್ನು ದೀರ್ಘಕಾಲ ಉಳಿಸುವುದಕ್ಕೆ ಸಂರಕ್ಷಣೆಯೆಂದೂ ಹೆಸರು. ಇವು ಬೇರೆ ಬೇರೆ ಕ್ರಿಯೆಗಳು, ಇವಕ್ಕೆ ಬೇಕಾದ ದ್ರವಗಳೂ ಬೇರೆ. ಮಾರುಕಟ್ಟೆಯಲ್ಲಿ ದೊರೆಯುವ ಫಾರ್ಮಲಿನ್ ಎಂಬುದು ಫಾರ್ಮಾಲ್ಡಿಹೈಡ್ ಅನಿಲವು ಶೇಕಡಾ 37ರಿಂದ 40ರಷ್ಟು ಕರಗಿರುವ ನೀರು. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಶೇಕಡಾ 10ರ ಫಾರ್ಮಲಿನ್ ಆಗುತ್ತದೆ, ಸ್ಥಿರೀಕರಣಕ್ಕೆ ಅದು ಸಾಕು. ಫಾರ್ಮಾಲ್ಡಿಹೈಡ್‌ನ ಅಣುಗಳು ಪ್ರೋಟೀನುಗಳ ನಡುವೆ ಅಡ್ಡಕೊಂಡಿಗಳನ್ನು ಹಾಕಿ ಅವನ್ನು ಬಿಗಿಗೊಳಿಸುತ್ತವೆ. ದೊಡ್ಡ ಮೀನಾದರೆ ದ್ರವವು ಒಳಗಿನ ಅಂಗಗಳಿಗೆ ಬೇಗ ತಲುಪುವಂತೆ ಸಿರಿಂಜಿನಿಂದ ಹೊಟ್ಟೆಯೊಳಕ್ಕೆ ಚುಚ್ಚಬೇಕು ಅಥವಾ ಹೊಟ್ಟೆಯ ಬಲಮಗ್ಗುಲಲ್ಲಿ ಸೀಳು ಹಾಕಬೇಕು. ಬಲಮಗ್ಗುಲೇ ಏಕೆಂದರೆ, ಮೀನಿನ ಚಿತ್ರವನ್ನು ತಲೆ ಎಡಕ್ಕೆ ಬರುವಂತೆ ತೆಗೆಯುವುದು, ಅಳತೆ ಎಣಿಕೆಗಳನ್ನು ಎಡಮಗ್ಗುಲಲ್ಲಿ ಮಾಡುವುದು ಲೋಕದಾದ್ಯಂತ ರೂಢಿ. ಆ ಪಕ್ಕ ಊನವಾಗದೆ ಉಳಿಯಬೇಕು.

ಫಾರ್ಮಲಿನ್ ಸಾಕಷ್ಟು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜಗತ್ಪ್ರಸಿದ್ಧವಾದ ಉದಾಹರಣೆಯೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಭಾವಿಸಲಾಗಿದ್ದ ಸೀಲಕ್ಯಾಂತ್ ಎಂಬ ಮೀನು 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಪಟ್ಟಣದ ಬಳಿಯ ಕಡಲಿನಲ್ಲಿ ಮೀನುಗಾರರ ಬಲೆಗೆ ಸಿಕ್ಕಿದಾಗ, ಅಲ್ಲಿನ ಪುಟ್ಟ ಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಅದನ್ನು ಫಾರ್ಮಲಿನ್ನಿನಲ್ಲಿ ತೋಯಿಸಿದ ಬಟ್ಟೆಯಿಂದ ಸುತ್ತಿ ಉಳಿಸಲು ಸಾಧ್ಯವಾದುದನ್ನೆಲ್ಲ ಮಾಡಿದರು. ಊರಿನಲ್ಲಿ ದೊರೆತಷ್ಟು ಫಾರ್ಮಲಿನ್ ಅಷ್ಟು ದೊಡ್ಡ ಮೀನಿಗೆ ಸಾಲದೆ ಒಳಗಿನ ಅಂಗಗಳು ಕೊಳೆತುಹೋದುವು, ಚರ್ಮವನ್ನು ಮಾತ್ರ ಉಳಿಸಿಕೊಳ್ಳಬೇಕಾಯಿತು. ಮೀನನ್ನು ಗುರುತಿಸಿ ವರ್ಣಿಸಿದ ಜೆ. ಎಲ್. ಬಿ. ಸ್ಮಿತ್ ಗ್ರಹಾಂಸ್‌ಟೌನಿನ ರೋಡ್ಸ್ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು. ಎರಡನೆಯ ಮೀನು ಕೈಗೆ ಬರುವುದಕ್ಕೆ ಅವರು 1952ರವರೆಗೆ ಕಾಯಬೇಕಾಯಿತು.

ಒಂದೆರಡು ವಾರಗಳಲ್ಲಿ ಸ್ಥಿರೀಕರಣ ಮುಗಿದ ಮೇಲೆ ಮೀನನ್ನು ನೀರಿನಲ್ಲಿ ಚೆನ್ನಾಗಿ ನೆನೆಯಿಸಿ ತೊಳೆದು, ಹಂತಹಂತವಾಗಿ ಪ್ರಬಲಗೊಳಿಸುತ್ತ ಕೊನೆಗೆ ಶೇಕಡಾ 70ರ ಎಥೈಲ್ ಆಲ್ಕೊಹಾಲಿಗೆ ವರ್ಗಾಯಿಸುವುದು ಸರಿಯಾದ ಪದ್ಧತಿ. ಭಾರತದ ಅನೇಕ ಕಾಲೇಜುಗಳಲ್ಲಿ ಈ ಎರಡನೆಯ ಹಂತ ನಡೆಯುವುದೇ ಇಲ್ಲ. ಮೀನು ಕೊನೆಯವರೆಗೂ ಫಾರ್ಮಲಿನ್ನಿನಲ್ಲಿಯೇ ಉಳಿಯುತ್ತದೆ. ಸ್ಪಿರಿಟ್ ಪಡೆಯಲು ಅಬಕಾರಿ ಇಲಾಖೆಯ ಪರವಾನಗಿ ಬೇಕಾಗುವುದೂ ಅದರ ಬೆಲೆಯೂ ಇದಕ್ಕೆ ಮುಖ್ಯ ಕಾರಣಗಳು. ಆದರೆ ಹಳೆಯದಾದಂತೆ ಫಾರ್ಮಲಿನ್ ಹುಳಿಯಾಗುತ್ತದೆ, ಅಂದರೆ ಆಮ್ಲೀಯವಾಗುತ್ತದೆ. ಆ ಆಮ್ಲವು ಮೂಳೆಗಳಲ್ಲಿನ ಸುಣ್ಣವನ್ನು ನಿಧಾನವಾಗಿ ಕರಗಿಸುತ್ತದೆ. ಮೀನಿನ ಒಳಗಿವಿಯಲ್ಲಿದ್ದು, ಮರದ ಕಾಂಡದಲ್ಲಿರುವಂತೆ ವರ್ಷವರ್ಷದ ಉಂಗುರಗಳನ್ನು ತೋರಿಸಿ ಮೀನಿನ ವಯಸ್ಸನ್ನು ತಿಳಿಸುವ ಕಿವಿಗಲ್ಲು ಅದರಿಂದ ಪೂರ್ತಿಯಾಗಿಯೇ ಮಾಯವಾಗಬಹುದು. ಪರವಾನಗಿ ದೊರೆಯುವ ತನಕ ಫಾರ್ಮಲಿನ್ನಿಗೆ ಸ್ವಲ್ಪ ಬೋರಾಕ್ಸ್ ಅಂದರೆ ಬಿಳಿಗಾರವನ್ನು ಹಾಕುತ್ತಿದ್ದರೆ ಆಮ್ಲ ತಗ್ಗುತ್ತದೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ನಿರ್ಣಯಿಸಿರುವುದರಿಂದ, ಮುಚ್ಚಿದ ಕೋಣೆಯಲ್ಲಿ ಬರಿಗೈಯಲ್ಲಿ ಹಳೆಯ ಜಾಡಿಗಳನ್ನು ವಿದ್ಯಾರ್ಥಿಗಳಿಂದ ತೆಗೆಯಿಸುವುದು ಸರ್ವಥಾ ಸಲ್ಲದು. ಕಿಟಕಿ ಬಾಗಿಲುಗಳು ತೆರೆದಿರಬೇಕು, ಕೈಗವಸು ಮತ್ತು ಕನ್ನಡಕಗಳಿರಬೇಕು, ತೆಗೆದ ದ್ರವವನ್ನು ಬಚ್ಚಲಿಗೆ ಸುರಿಯಕೂಡದು.

ಹಳೆಯ ಸಂಗ್ರಹದಲ್ಲಿ ದ್ರವ ಆರಿ ಮೀನು ಅರ್ಧಕ್ಕೆ ಒಣಗಿರುವ ಜಾಡಿಗಳು ಖಂಡಿತ ಸಿಗುತ್ತವೆ. ಆರಿದ ಮೀನು ಕೈಬಿಟ್ಟುಹೋದ ಮೀನಲ್ಲ. ಟ್ರೈಸೋಡಿಯಂ ಫಾಸ್ಫೇಟಿನ ಶೇಕಡಾ ಅರ್ಧದಷ್ಟು ತೆಳುವಾದ ದ್ರಾವಣದಲ್ಲಿ ನೆನೆಯಿಸಿದರೆ ಅದು ಬಹುಮಟ್ಟಿಗೆ ಮತ್ತೆ ಮೃದುವಾಗಿ, ಹುರುಪೆಗಳನ್ನು ಎಣಿಸುವ ಸ್ಥಿತಿಗೆ ಬರುತ್ತದೆ. ಆಲ್ಕೊಹಾಲ್ ಇರುವ ಜಾಡಿಗಳಲ್ಲಿ ದ್ರವ ಇಳಿದಾಗ ಮತ್ತೆ ಶೇಕಡಾ 70ರದ್ದನ್ನೇ ತುಂಬಿಸುತ್ತ ಹೋಗುವುದು ವಾಡಿಕೆ; ಆದರೆ ಆಲ್ಕೊಹಾಲು ನೀರಿಗಿಂತ ಬೇಗ ಆರುವುದರಿಂದ ಉಳಿದ ದ್ರವ ವರ್ಷವರ್ಷಕ್ಕೂ ನೀರಾಗುತ್ತ ಹೋಗುತ್ತದೆ. ದ್ರವಮಾಪಕದಿಂದ ಅಳೆದು ನೋಡಿಯೇ ತುಂಬಿಸಬೇಕು. ಉಜ್ಜಿದ ಗಾಜಿನ ಮುಚ್ಚಳವಾದರೆ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರುವುದು, ಬಿರುಕುಬಿಟ್ಟ ಬೇಕಲೈಟ್ ಮುಚ್ಚಳಗಳನ್ನು ಬದಲಾಯಿಸುವುದು, ಒಂದೇ ಜಾಡಿಗೆ ಮೀನುಗಳನ್ನು ತುರುಕದೆ ಮೀನಿಗಿಂತ ದ್ರವವೇ ಹೆಚ್ಚಿರುವಂತೆ ನೋಡಿಕೊಳ್ಳುವುದು, ಕಪಾಟಿಗೆ ಬಿಸಿಲು ಬೀಳದಂತೆ ಮಾಡುವುದು ಇವು ಖರ್ಚಿಲ್ಲದೆ ಆಗುವ ಕೆಲಸಗಳು. ಬಣ್ಣವನ್ನಂತೂ ಯಾವ ದ್ರವವೂ ಪೂರ್ತಿ ಉಳಿಸದು. ಪಶ್ಚಿಮಘಟ್ಟದ ತೊರೆಗಳ, ‘ಮಿಸ್ ಕೇರಳ’ ಎಂದು ಮಾರುಕಟ್ಟೆಯಲ್ಲಿ ಹೆಸರಾದ ಮೀನಿನ ಮೈಯ ಉಜ್ವಲವಾದ ಕೆಂಪು ಪಟ್ಟೆ ಜಾಡಿ ಸೇರಿದ ಸ್ವಲ್ಪ ಕಾಲದಲ್ಲೇ ಅಳಿಸಿಹೋಗಿ, ಅದರ ಕೆಳಗಿನ ಕಪ್ಪು ಪಟ್ಟೆಯೊಂದೇ ನಿಲ್ಲುತ್ತದೆ. ಆದ್ದರಿಂದ ಹೊಸದಾಗಿ ಸಂಗ್ರಹಿಸುವವರು ಮೀನು ಹಸಿಯಾಗಿರುವಾಗಲೇ ಬಣ್ಣದ ಚಿತ್ರ ತೆಗೆಯಬೇಕು. ಫಾರ್ಮಲಿನ್ನಿಗೆ ಹಾಕುವ ಮೊದಲೇ ಬಲಗಡೆಯ ಈಜುರೆಕ್ಕೆಯ ಒಂದು ಚೂರನ್ನು ಶೇಕಡಾ 95ರ ಆಲ್ಕೊಹಾಲಿನಲ್ಲಿ ಬೇರೆಯಾಗಿ ಇಡಬೇಕು, ಏಕೆಂದರೆ ಫಾರ್ಮಲಿನ್ ವಂಶವಾಹಿಗಳ ಡಿಎನ್‌ಎಯನ್ನು ಕೆಡಿಸುತ್ತದೆ.

ದಾಖಲೆಯ ಹೃದಯವಿರುವುದು ಕ್ರಮಸಂಖ್ಯೆಯಲ್ಲಿ. ಒಂದೇ ಸ್ಥಳದಲ್ಲಿ ಒಂದೇ ದಿನ ಹಿಡಿದ ಒಂದೇ ಪ್ರಭೇದದ ಮೀನುಗಳು, ಅವು ಒಂದಿರಲಿ ಮೂವತ್ತಿರಲಿ, ಒಂದು ಗುಂಪಾಗಿ ಒಂದೇ ಸಂಖ್ಯೆಯನ್ನು ಪಡೆಯುತ್ತವೆ. ಈ ಸಂಖ್ಯೆಯಲ್ಲಿ ಕುಟುಂಬದ ಗುರುತನ್ನೋ ವರ್ಷದ ಗುರುತನ್ನೋ ಅಡಗಿಸುವ ಆಸೆ ಅನೇಕರಿಗಿರುತ್ತದೆ, ಅದು ಬೇಡ. ಇಂದು ಒಂದು ಕುಟುಂಬದಲ್ಲಿರುವ ಮೀನು ನಾಳೆ ಇನ್ನೊಂದಕ್ಕೆ ಸೇರಬಹುದು, ಆಗ ಸಂಖ್ಯೆಯೇ ಸುಳ್ಳು ಹೇಳತೊಡಗುತ್ತದೆ. ಒಂದರಿಂದ ತೊಡಗಿ ಏರುತ್ತ ಹೋಗುವ ಸರಳ ಸಂಖ್ಯೆಯೇ ಶ್ರೇಷ್ಠ. ಮಾದರಿ ನಾಶವಾದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ನಾಶವಾದ ಸಂಗತಿಯನ್ನು ಅದೇ ಸಾಲಿನಲ್ಲಿ ಬರೆದಿಡಬೇಕು. ದಾಖಲೆ ಪುಸ್ತಕದಲ್ಲಿ ತಪ್ಪಾದರೆ ಅಳಿಸದೆ, ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು, ತಿದ್ದಿದವರ ಹೆಸರು ಮತ್ತು ದಿನಾಂಕದೊಡನೆ ಸರಿಯಾದುದನ್ನು ಬರೆಯಬೇಕು.

ಚೀಟಿಯನ್ನು ಜಾಡಿಯ ಹೊರಗೆ ಅಂಟಿಸಿದರೆ ಸಾಲದು. ಗೋಂದು ಒಣಗಿ ಅದು ಬಿದ್ದುಹೋಗುತ್ತದೆ ಅಥವಾ ಜಿರಳೆಯ ಪಾಲಾಗುತ್ತದೆ. ಹತ್ತಿಯ ನಾರಿನಿಂದ ಮಾಡಿದ ಗಟ್ಟಿ ಕಾಗದದ ಮೇಲೆ ಇಂಡಿಯನ್ ಇಂಕಿನಿಂದ ಬರೆದು, ಚೆನ್ನಾಗಿ ಒಣಗಿಸಿ, ಜಾಡಿಯೊಳಗೆ ಮೀನಿನ ಜೊತೆಯಲ್ಲೇ ಹಾಕಬೇಕು. ಇಂಕು ಇಲ್ಲದಿದ್ದರೆ ಸೀಸದಕಡ್ಡಿಯೇ ಉತ್ತಮ. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಕಾಗದ ಬಿಳುಪಾಗುತ್ತದೆ. ಲೇಸರ್ ಪ್ರಿಂಟರಿನ ಅಕ್ಷರಗಳು ನೋಡಲು ಚೊಕ್ಕವಾಗಿದ್ದರೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರಿ ಜಾಡಿಯ ತಳ ಸೇರಬಹುದು. ಹಳೆಯ ಚೀಟಿ ಎಷ್ಟೇ ಹರಿದಿರಲಿ, ಅದರಲ್ಲಿ ಬರೆದಿರುವ ಹೆಸರು ಎಷ್ಟೇ ತಪ್ಪಾಗಿರಲಿ, ಹೊಸ ಚೀಟಿಯೊಂದಿಗೆ ಅದೂ ಜಾಡಿಯಲ್ಲೇ ಉಳಿಯಬೇಕು.

ಹೆಸರುಗಳು ಬದಲಾಗುವ ಬಗೆಗೆ ಇಲ್ಲಿ ಎರಡು ಮಾತು ಅಗತ್ಯ. ಹಳೆಯ ಜಾಡಿಗಳಲ್ಲಿ ‘ಒಫಿಯೊಸೆಫಾಲಸ್’ ಎಂದಿರುವುದು ಇಂದಿನ ‘ಚನ್ನಾ’, ಕನ್ನಡಿಗರ ಕೊರವ ಮೀನಿನ ಬಳಗ. ಬೆನ್ನಿನ ಈಜುರೆಕ್ಕೆಯಿಂದ ಎಳೆಗಳು ಹೊರಚಾಚಿರುವ ಒಂದು ಗೆಂಡೆ ಮೀನು ಹಳೆಯ ಚೀಟಿಗಳಲ್ಲಿ ‘ಬಾರ್ಬಸ್ ಫಿಲಮೆಂಟೋಸಸ್’, ಅನಂತರದವುಗಳಲ್ಲಿ ‘ಪುಂಟಿಯಸ್ ಫಿಲಮೆಂಟೋಸಸ್’. ಪುಂಟಿಯಸ್ ಎಂಬ ದೊಡ್ಡ ಜಾತಿಯನ್ನು, ಅಂದರೆ ಜೀನಸ್ಸನ್ನು, 2012ರಲ್ಲಿ ವಿಂಗಡಿಸಿದ ಮೇಲೆ ಅದು ‘ಡಾಕಿನ್ಸಿಯ ಫಿಲಮೆಂಟೋಸ’. ಮೀನು ಒಂದೇ, ಹೊಳೆ ಒಂದೇ. ಡೇ ಅವರ ಗ್ರಂಥ, ಕೆ. ಸಿ. ಜಯರಾಂ ಅವರ ಕೈಪಿಡಿ, 1991ರಲ್ಲಿ ಬಂದ ತಲ್ವಾರ್ ಮತ್ತು ಝಿಂಗ್ರನ್ ಅವರ ಎರಡು ಸಂಪುಟಗಳು ಇವುಗಳ ನೆರವಿನಿಂದ ಮೀನನ್ನು ಗುರುತಿಸಿ, ಈಗ ಮಾನ್ಯವಾದ ಹೆಸರನ್ನು ಕ್ಯಾಲಿಫೋರ್ನಿಯ ವಿಜ್ಞಾನ ಅಕಾಡೆಮಿ ನಡೆಸುವ ಎಶ್ಮೆಯರ್ ಅವರ ಮತ್ಸ್ಯಸೂಚಿಯಲ್ಲಿ ಪರಿಶೀಲಿಸಿಕೊಳ್ಳಬಹುದು. ಗುರುತಿಸಿದವರ ಹೆಸರು ಮತ್ತು ಗುರುತಿಸಿದ ವರ್ಷ ಪ್ರತಿ ಸಲವೂ ದಾಖಲಾಗಬೇಕು. ಕಪಾಟಿನಲ್ಲಿ ಜೋಡಿಸುವಾಗ ಕುಟುಂಬಗಳನ್ನು ಶಾಸ್ತ್ರೀಯ ಕ್ರಮದಲ್ಲಿಯೂ, ಕುಟುಂಬದೊಳಗೆ ಜಾತಿ ಮತ್ತು ಪ್ರಭೇದಗಳನ್ನು ಅಕಾರಾದಿಯಾಗಿಯೂ ಇಡುವುದು ಅನುಕೂಲ.

ಕಂಪ್ಯೂಟರಿಗೆ ಏರಿಸುವಾಗ ಹಳೆಯ ಚೀಟಿಯಲ್ಲಿದ್ದ ಸ್ಥಳದ ಹೆಸರು ಒಂದು ಅಂಕಣದಲ್ಲಿ ಇದ್ದಂತೆಯೇ ಇರಬೇಕು, ಇಂದಿನ ಹೆಸರೂ ಅಕ್ಷಾಂಶ ರೇಖಾಂಶಗಳೂ ಬೇರೆ ಅಂಕಣಗಳಲ್ಲಿ ಬರಬೇಕು. ‘ಕಡೂರು ಜಿಲ್ಲೆ’ ಎಂದಿದ್ದರೆ ಅದು ಇಂದಿನ ಚಿಕ್ಕಮಗಳೂರು ಜಿಲ್ಲೆ, ಕಡೂರು ಪಟ್ಟಣವಲ್ಲ. ಈ ವ್ಯತ್ಯಾಸ ತಿಳಿಯದೆ ನಕ್ಷೆಯಲ್ಲಿ ಗುರುತು ಹಾಕಿದರೆ ಮಲೆನಾಡಿನ ಮೀನು ಬಯಲುಸೀಮೆಗೆ ಬಂದುಬಿಡುತ್ತದೆ. ಕನ್ನಡದ, ತುಳುವಿನ, ಕೊಂಕಣಿಯ ಹೆಸರುಗಳಿಗೂ ಒಂದು ಅಂಕಣ ಇರಲೇಬೇಕು. ಮಂಗಳೂರಿನ ಭೂತಾಯಿ ಕಾರವಾರದಲ್ಲಿ ತಾರ್ಲೆ. ಮೀನು ಹಿಡಿಯುವವರಿಂದ ಕೇಳಿ ಬರೆದುಕೊಳ್ಳದಿದ್ದರೆ ಇಂಥ ತಿಳಿವಳಿಕೆ ಪುಸ್ತಕಗಳಲ್ಲಿ ಹುಡುಕಿದರೂ ಸಿಗದು.

ಇಷ್ಟೆಲ್ಲ ಶ್ರಮ ಯಾವ ಉಪಯೋಗಕ್ಕೆ ಎಂದು ಆಡಳಿತ ಮಂಡಳಿಗಳು ಕೇಳುವುದುಂಟು. ತುಂಗಭದ್ರಾ ಅಣೆಕಟ್ಟು 1953ರಲ್ಲಿಯೂ ಲಿಂಗನಮಕ್ಕಿ 1964ರಲ್ಲಿಯೂ ನೀರು ತುಂಬಿಕೊಂಡುವು. ಅದಕ್ಕೆ ಮುಂಚೆ ಹರಿಯುವ ತುಂಗಭದ್ರೆಯಲ್ಲಿ, ಹರಿಯುವ ಶರಾವತಿಯಲ್ಲಿ ಹಿಡಿದ ಮೀನೊಂದು ಚೀಟಿಯೊಡನೆ ಎಲ್ಲಾದರೂ ಇದ್ದರೆ ಅದು ಆ ಹೊಳೆಯ ಅಂದಿನ ಸ್ಥಿತಿಗೆ ಪ್ರತ್ಯಕ್ಷ ಸಾಕ್ಷಿ. ಜಿಲೇಬಿ ಎಂದು ಹೆಸರಾದ ಆಫ್ರಿಕಾದ ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ಅದು ಯಾವ ಕೆರೆಗೆ ಯಾವಾಗ ತಲುಪಿತು, ಅದಕ್ಕೆ ಮೊದಲು ಅಲ್ಲಿ ಯಾವ ಮೀನುಗಳಿದ್ದುವು ಎಂಬುದನ್ನು ದಿನಾಂಕವುಳ್ಳ ಜಾಡಿಗಳು ಹೇಳಬಲ್ಲವು. ಸಂಗ್ರಹಿಸಿದವರು ಕನಸಿನಲ್ಲೂ ನೆನೆಯದ ಉಪಯೋಗಗಳೂ ಉಂಟು. ಸಮುದ್ರದ ಮೀನುಗಳಲ್ಲಿ ಪಾದರಸ ಹೆಚ್ಚುತ್ತಿದೆಯೆಂಬ ಆತಂಕ ಎದ್ದಾಗ, ಅಮೆರಿಕದ ವಿಜ್ಞಾನಿಗಳು 62ರಿಂದ 93 ವರ್ಷಗಳಷ್ಟು ಹಳೆಯದಾದ ಟ್ಯೂನ ಮೀನುಗಳನ್ನು ಸಂಗ್ರಹಾಲಯಗಳಿಂದ ಪಡೆದು ಪರೀಕ್ಷಿಸಿ, ಅವುಗಳಲ್ಲಿಯೂ ಇಂದಿನ ಮೀನುಗಳಲ್ಲಿರುವಷ್ಟೇ ಪಾದರಸವಿದೆಯೆಂದು 1972ರಲ್ಲಿ ವರದಿ ಮಾಡಿದರು. ಆ ಟ್ಯೂನಗಳನ್ನು ಜಾಡಿಗೆ ಹಾಕಿದವರ ಕಾಲಕ್ಕೆ ಅಂಥದೊಂದು ಪ್ರಶ್ನೆಯೇ ಹುಟ್ಟಿರಲಿಲ್ಲ.

ಕಾನೂನಿನ ಕಡೆಗೂ ಗಮನವಿರಬೇಕು. ಕಡಲಕುದುರೆ, ಗರಗಸ ಮೀನು, ತಿಮಿಂಗಿಲ ಶಾರ್ಕು ಮೊದಲಾದವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಕರಾವಳಿಯ ಕಾಲೇಜುಗಳಲ್ಲಿ ಗರಗಸ ಮೀನಿನ ಮೂತಿ ಗೋಡೆಗೆ ತೂಗಿರುವುದು ಅಪರೂಪವಲ್ಲ. ಇಂಥವುಗಳ ಪಟ್ಟಿಯನ್ನು ಅರಣ್ಯ ಇಲಾಖೆಯ ಗಮನಕ್ಕೆ ತಂದು ಕಾಗದಪತ್ರಗಳನ್ನು ಸರಿಮಾಡಿಕೊಳ್ಳುವುದು ಕಾಲೇಜಿನ ಹೊಣೆ. ಹೊಸ ಪ್ರಭೇದವೇನಾದರೂ ಪತ್ತೆಯಾದಲ್ಲಿ, 2002ರ ಜೀವವೈವಿಧ್ಯ ಕಾಯಿದೆಯಂತೆ ಅದರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆ ಅವುಗಳಲ್ಲಿ ಪ್ರಮುಖವಾದುದು. ಸೆಂಟ್ರಲ್ ಕಾಲೇಜಿನ ಕಪ್ಪೆಗಳಿಗೆ ಆದುದನ್ನು ನೆನೆದರೆ ಈ ನಿಯಮ ಎಷ್ಟು ಹಿತವಾದುದೆಂಬುದು ತಿಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ಕಟ್ಟಡವಾಗಲಿ ದುಬಾರಿ ಯಂತ್ರಗಳಾಗಲಿ ಬೇಕಿಲ್ಲ. ಇಬ್ಬರು ಅಧ್ಯಾಪಕರು, ಮೀನು ಹಿಡಿಯುವವರ ಮಕ್ಕಳೂ ಸೇರಿದಂತೆ ಆಸಕ್ತಿಯುಳ್ಳ ಕೆಲವು ವಿದ್ಯಾರ್ಥಿಗಳು, ಒಂದು ಒಳ್ಳೆಯ ದಪ್ಪ ಪುಸ್ತಕ, ಇಂಕು, ಕಾಗದ ಮತ್ತು ವರ್ಷಕ್ಕೆ ಎರಡು ಬಾರಿ ಎಲ್ಲ ಜಾಡಿಗಳ ದ್ರವವನ್ನು ನೋಡುವ ಕಟ್ಟುಪಾಡು ಇದ್ದರೆ ಸಾಕಾಗುತ್ತದೆ. ಸಂಗ್ರಹದ ಹೊಣೆ ಯಾರದೆಂಬುದು ಕಾಲೇಜಿನ ಆದೇಶದಲ್ಲಿ ಬರೆದಿರಬೇಕು. ಹೊಣೆ ಹೊತ್ತವರು ವರ್ಗವಾದಾಗ ಅಥವಾ ನಿವೃತ್ತರಾದಾಗ ಕ್ರಮಸಂಖ್ಯೆಗಳನ್ನು ಜಾಡಿಗಳೊಡನೆ ತಾಳೆ ನೋಡಿ ಮುಂದಿನವರಿಗೆ ಸಹಿಯೊಡನೆ ಒಪ್ಪಿಸಬೇಕು. ದಾಖಲೆ ಪುಸ್ತಕದ ಒಂದು ಪ್ರತಿ ವಿಭಾಗದಲ್ಲಿದ್ದರೆ ಇನ್ನೊಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ, ಗಣಕಪ್ರತಿಯೊಂದು ಕಾಲೇಜಿನ ಹೊರಗೆ ಇರುವುದು ಲೇಸು. ಪ್ರತಿ ವರ್ಷ ಊರ ಹೊಳೆಯಿಂದಲೋ ಸಂತೆಯಿಂದಲೋ ಕಾನೂನಿಗೆ ಒಳಪಟ್ಟು ಕೆಲವೇ ಮೀನುಗಳನ್ನು, ಆದರೆ ಪೂರ್ತಿ ವಿವರದೊಡನೆ, ಸಂಗ್ರಹಕ್ಕೆ ಸೇರಿಸುತ್ತ ಬಂದರೆ ಮುಂದಿನ ಸಂಶೋಧಕರಿಗೆ ಎರಡು ಕಾಲಗಳ ಹೊಳೆಯನ್ನು ಒಂದೇ ಕಪಾಟಿನಲ್ಲಿ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.